ರಹದಾರಿ ಯಾರಿಗೆ?

ಉರ್ದು ಪತ್ರಿಕೆಗಳು ಇಂಡಸ್ಟ್ರಿಯಲ್ ಕಾರಿಡಾರ್ ಅನ್ನು ‘ಸನ್‌ಅತೀ ರಾಹ್‌ದಾರಿ’ ಎಂದು ಬರೆಯುತ್ತವೆ. ಕನ್ನಡ ಪತ್ರಿಕೆಗಳು ಅನುವಾದದ ಗೋಜಿಗೆ ಹೋಗದೆ ‘ಕೈಗಾರಿಕಾ ಕಾರಿಡಾರ್’ ಎಂದೇ ಅಚ್ಚು ಹಾಕುತ್ತವೆ. ಎರಡೂ ಭಾಷೆಗಳಲ್ಲಿ ಓದಿಕೊಂಡ ನಮಗೆ ಇಲ್ಲೊಂದು ಸೋಜಿಗ ಕಾಣುತ್ತದೆ. ಅದೇ ರಾಹ್‌ದಾರಿ ಕನ್ನಡಕ್ಕೆ ಬಂದು ‘ರಹದಾರಿ’ಯಾಗಿ ಬಹಳ ಕಾಲವಾಯಿತು. ಆದರೆ ನಮ್ಮಲ್ಲಿ ಅದಕ್ಕೆ ಹಾದಿ ಎಂಬ ಅರ್ಥ ಉಳಿದಿಲ್ಲ, ಪರವಾನಗಿ ಎಂಬ ಅರ್ಥವಿದೆ. ಗಡಿ ದಾಟಲು, ಸರಕು ಸಾಗಿಸಲು ಬೇಕಾದ ಚೀಟಿ ಅದು. ಮೊಗಲರ ಕಾಲದಲ್ಲಿ ದಾರಿಯಲ್ಲಿ ವಸೂಲು ಮಾಡುತ್ತಿದ್ದ ಸುಂಕಕ್ಕೂ ರಾಹ್‌ದಾರಿ ಎಂದೇ ಹೆಸರಿತ್ತು. ಹೀಗೆ ಹಾದಿ, ಹಾದಿಯ ಸುಂಕ, ಹಾದಿಯಲ್ಲಿ ನಡೆಯುವ ಅಪ್ಪಣೆ ಮೂರೂ ಒಂದೇ ಪದದಲ್ಲಿ ಕೂತಿವೆ. ದೇಶದ ಆರ್ಥಿಕ ಬೆಳವಣಿಗೆಯ ಎಂಜಿನ್‌ಗಳೆಂದು ಕರೆಯಲಾಗುತ್ತಿರುವ ಕಾರಿಡಾರ್‌ಗಳನ್ನೂ ಸ್ಮಾರ್ಟ್ ಸಿಟಿಗಳನ್ನೂ ತಿಕ್ಕಿ ನೋಡಲು ಇದೊಂದು ಒಳ್ಳೆಯ ಒರೆಗಲ್ಲು. ಹಾದಿ ಎಲ್ಲಿ ಹೋಗುತ್ತದೆಂದು ನಕ್ಷೆ ಹೇಳುತ್ತದೆ. ಸುಂಕ ತೆರುವವರು ಯಾರು? ರಹದಾರಿ ಇರುವುದು ಯಾರ ಕೈಯಲ್ಲಿ?

ಈ ಎರಡು ಯೋಜನೆಗಳೂ ಒಂದೇ ಕಡೆ ಬಂದು ಕೂಡಿದ ಊರು ತುಮಕೂರು. 2016ರ ಸೆಪ್ಟೆಂಬರಿನಲ್ಲಿ ಅದು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. 2020ರ ಡಿಸೆಂಬರ್ 30ರಂದು ಕೇಂದ್ರ ಸಚಿವ ಸಂಪುಟ ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿನ ಭಾಗವಾಗಿ ತುಮಕೂರು ಕೈಗಾರಿಕಾ ಪ್ರದೇಶಕ್ಕೆ 1,701.81 ಕೋಟಿ ರೂಪಾಯಿಗಳ ಅಂದಾಜಿಗೆ ಒಪ್ಪಿಗೆ ಕೊಟ್ಟಿತು. 2023ರ ಫೆಬ್ರವರಿ 6ರಂದು ಪ್ರಧಾನಿಯವರು ಇದಕ್ಕೆ ಶಂಕುಸ್ಥಾಪನೆ ಮಾಡಿದರು. ಮೂರು ಹಂತಗಳಲ್ಲಿ 8,484 ಎಕರೆ. ಉದ್ಯೋಗ 88,500, ಅದರಲ್ಲಿ 17,700 ಚಿಲ್ಲರೆ ವ್ಯಾಪಾರ, ಕಚೇರಿ ಮೊದಲಾದ ಸೇವಾ ವಲಯದಲ್ಲಿ.

ಕಥೆ ಬರೆಯುವವರಿಗೆ ಯಾವ ಬರಹವನ್ನು ಓದಿದರೂ ಪಾತ್ರಗಳನ್ನು ಹುಡುಕುವ ಚಾಳಿ. ಈ ಸರ್ಕಾರಿ ಪ್ರಕಟಣೆಗಳನ್ನೂ ನಾವು ಹಾಗೆಯೇ ಓದಿದೆವು. ಅವುಗಳಲ್ಲಿ ಕ್ರಿಯಾಪದಗಳೆಲ್ಲ ಭವಿಷ್ಯತ್ ಕಾಲದಲ್ಲಿವೆ: ಸೃಷ್ಟಿಯಾಗಲಿದೆ, ಹರಿದುಬರಲಿದೆ, ತಲೆ ಎತ್ತಲಿದೆ. ಕರ್ತೃಪದದ ಸ್ಥಾನದಲ್ಲಿ ಬಂಡವಾಳ, ಸಂಪರ್ಕ, ಮೂಲಸೌಕರ್ಯಗಳಿವೆ. ಇನ್ನೂ ಹುಟ್ಟದ ಉದ್ಯೋಗಗಳ ಲೆಕ್ಕ ನೂರರವರೆಗೆ ಖಚಿತವಾಗಿದೆ. ಆದರೆ ಆ ನೆಲದ ಮೇಲೆ ಈಗಾಗಲೇ ದುಡಿಯುತ್ತಿರುವವರ ಲೆಕ್ಕಕ್ಕೆ ಅಲ್ಲಿ ಒಂದು ಸಾಲೂ ಇಲ್ಲ. ರಾಗಿ ಹೊಲದ ಕೂಲಿಯಾಳು, ವಾರಕ್ಕೆ ಗೇಯುವ ಗೇಣಿದಾರ, ಗೋಮಾಳದಲ್ಲಿ ಕುರಿ ಮೇಯಿಸುವವನು, ಸಂತೆಯಿಂದ ಸಂತೆಗೆ ತಿರುಗುವ ಬಳೆಗಾರ, ಇವರ್ಯಾರೂ ಈ ಕಥನದ ಪಾತ್ರಗಳಲ್ಲ. ಅದು ಅಂಕಿಅಂಶದ ಮರೆವು ಎಂದು ನಮಗೆ ಅನ್ನಿಸುವುದಿಲ್ಲ. ಲೆಕ್ಕಕ್ಕೆ ಬರದವರಿಗೆ ಪರಿಹಾರವೂ ಬರುವುದಿಲ್ಲ ಎಂಬುದು ಮುಂದೆ ಕಾನೂನಿನ ಮಾತು ಬಂದಾಗ ಸ್ಪಷ್ಟವಾಗುತ್ತದೆ.

ಅದಕ್ಕೆ ಮೊದಲು ಒಂದು ಮಾತು. ಕಾರ್ಖಾನೆಗಳೇ ಬೇಡ ಎಂಬ ವಾದ ನಮ್ಮದಲ್ಲ. ಬೆಳಗಿನ ರೈಲಿನಲ್ಲಿ ತುಮಕೂರಿನಿಂದ ಬೆಂಗಳೂರಿಗೆ ನಿಂತುಕೊಂಡೇ ಹೋಗಿ ರಾತ್ರಿ ಮರಳುವ ಹುಡುಗ ಹುಡುಗಿಯರಿಗೆ ತಮ್ಮ ಊರಲ್ಲೇ ಗೌರವದ ಕೆಲಸ ಸಿಗುವುದಾದರೆ ಅದಕ್ಕಿಂತ ಸಂತೋಷ ಬೇರೆ ಇಲ್ಲ. ಮಳೆಯನ್ನೇ ನಂಬಿದ ಎರಡು ಎಕರೆಯ ಬೇಸಾಯ ಎಷ್ಟು ಮಂದಿಯನ್ನು ಸಾಕೀತು ಎಂಬುದೂ ನಮಗೆ ಗೊತ್ತು. ಒಳ್ಳೆಯ ರಸ್ತೆ, ನಂಬಬಹುದಾದ ವಿದ್ಯುತ್ತು, ಬಂದರಿಗೆ ಬೇಗ ತಲುಪುವ ಸರಕು ಇವಿಲ್ಲದೆ ಉದ್ಯಮ ಬೆಳೆಯುವುದಿಲ್ಲ. ನಮ್ಮ ತಕರಾರು ಬೆಳವಣಿಗೆಯ ಬಗ್ಗೆ ಅಲ್ಲ, ಅದರ ಹೆಸರಿನಲ್ಲಿ ನಡೆಯುವ ಹಕ್ಕುಗಳ ವರ್ಗಾವಣೆಯ ಬಗ್ಗೆ.

ಬೆಳವಣಿಗೆಯ ಲೆಕ್ಕವನ್ನಾದರೂ ನೋಡೋಣ. 2011ರ ರಾಷ್ಟ್ರೀಯ ತಯಾರಿಕಾ ನೀತಿ ಎರಡು ಗುರಿಗಳನ್ನು ಇಟ್ಟುಕೊಂಡಿತ್ತು. ಹತ್ತು ವರ್ಷಗಳಲ್ಲಿ ದೇಶದ ಒಟ್ಟು ಉತ್ಪನ್ನದಲ್ಲಿ ತಯಾರಿಕೆಯ ಪಾಲನ್ನು ಶೇಕಡಾ 25ಕ್ಕೆ ಏರಿಸುವುದು ಮತ್ತು ಹತ್ತು ಕೋಟಿ ಉದ್ಯೋಗ ಸೃಷ್ಟಿಸುವುದು. ಸರ್ಕಾರ ಬದಲಾಯಿತು, 2014ರ ‘ಮೇಕ್ ಇನ್ ಇಂಡಿಯಾ’ ಅದೇ 25ರ ಗುರಿಯನ್ನು ಹೊತ್ತುಕೊಂಡಿತು. ಆದರೆ ಆ ಪಾಲು ಶೇಕಡಾ 17ರ ಆಸುಪಾಸನ್ನು ದಾಟಿ ಮೇಲೇರಲೇ ಇಲ್ಲ. ದೆಹಲಿ-ಮುಂಬೈ ಕಾರಿಡಾರಿನ ಹೆಮ್ಮೆಯ ಕೂಸು ಗುಜರಾತಿನ ಧೊಲೇರಾ. 22 ಹಳ್ಳಿಗಳ ಸುಮಾರು 920 ಚದರ ಕಿಲೋಮೀಟರ್ ನೆಲಕ್ಕಾಗಿ 2009ರಲ್ಲೇ ವಿಶೇಷ ಹೂಡಿಕೆ ಪ್ರದೇಶದ ಕಾಯ್ದೆ ಬಂತು. ಅಲ್ಲಿಗೆ ಬಂದ ಬಹುದೊಡ್ಡ ಕಾರ್ಖಾನೆಯಾದ ಟಾಟಾದವರ ಚಿಪ್ ತಯಾರಿಕಾ ಘಟಕಕ್ಕೆ ಅಡಿಗಲ್ಲು ಬಿದ್ದದ್ದು 2024ರ ಮಾರ್ಚಿನಲ್ಲಿ. ನಡುವಿನ ಹದಿನೈದು ವರ್ಷ ಹಳ್ಳಿಯವರ ಪಾಲಿಗೆ ಏನು? ಮಾರಲೇ, ಉಳಲೇ, ಮನೆ ಕಟ್ಟಲೇ ಎಂಬ ತೂಗುಯ್ಯಾಲೆ. ಹೂಡಿಕೆದಾರ ಕಾಯಬಲ್ಲ. ಮಗಳ ಮದುವೆಗೆ ಸಾಲ ಮಾಡಿದ ರೈತ ಹಾಗೆ ಕಾಯಲಾರ. 2024ರ ಆಗಸ್ಟಿನಲ್ಲಿ ಇನ್ನೂ 12 ಕೈಗಾರಿಕಾ ನಗರಗಳಿಗೆ 28,602 ಕೋಟಿ ರೂಪಾಯಿಗಳ ಒಪ್ಪಿಗೆ ಸಿಕ್ಕಿತು. ಹತ್ತು ಲಕ್ಷ ನೇರ ಉದ್ಯೋಗ, ಮೂವತ್ತು ಲಕ್ಷ ಪರೋಕ್ಷ ಉದ್ಯೋಗ ಎಂಬ ಭರವಸೆಯೂ ಜೊತೆಗೆ ಬಂತು. ಹಳೆಯ ಭರವಸೆಯ ಲೆಕ್ಕ ಒಪ್ಪಿಸುವ ಮೊದಲೇ ಹೊಸ ಭರವಸೆ ಕೊಡುವ ರೂಢಿ ಇದು.

ಈಗ ಸುಂಕದ ಪ್ರಶ್ನೆ. 2013ರ ಭೂಸ್ವಾಧೀನ ಕಾಯ್ದೆ ಬ್ರಿಟಿಷರ ಕಾಲದ 1894ರ ಕಾನೂನನ್ನು ತೆಗೆದುಹಾಕಿ ಬಂದದ್ದು. ಖಾಸಗಿ ಯೋಜನೆಗಾದರೆ ಶೇಕಡಾ 80, ಸರ್ಕಾರಿ-ಖಾಸಗಿ ಪಾಲುದಾರಿಕೆಯ ಯೋಜನೆಗಾದರೆ ಶೇಕಡಾ 70 ಮಂದಿಯ ಸಮ್ಮತಿ ಬೇಕು ಎಂದಿತು. ಸ್ವಾಧೀನಕ್ಕೆ ಮುನ್ನ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು ಎಂದಿತು. ಎಲ್ಲಕ್ಕಿಂತ ಮುಖ್ಯವಾಗಿ, ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಆ ನೆಲವನ್ನೇ ನಂಬಿ ಮೂರು ವರ್ಷ ದುಡಿದ ಕೂಲಿಕಾರರನ್ನೂ ಗೇಣಿದಾರರನ್ನೂ ಕುಶಲಕರ್ಮಿಗಳನ್ನೂ ‘ಬಾಧಿತ ಕುಟುಂಬ’ ಎಂದು ಗುರುತಿಸಿತು. ಭೂಮಿಯೇ ಇಲ್ಲದವನಿಗೆ ಕಾಗದದ ಮೇಲೆ ಸಿಕ್ಕ ರಹದಾರಿ ಅದು. ಒಂದು ವರ್ಷ ಕಳೆಯುವುದರೊಳಗೆ, 2014ರ ಡಿಸೆಂಬರಿನ ಸುಗ್ರೀವಾಜ್ಞೆ ಐದು ಬಗೆಯ ಯೋಜನೆಗಳಿಗೆ ಸಮ್ಮತಿಯಿಂದಲೂ ಅಧ್ಯಯನದಿಂದಲೂ ವಿನಾಯಿತಿ ಕೊಡಲು ಹೊರಟಿತು. ಆ ಐದರಲ್ಲಿ ಕೈಗಾರಿಕಾ ಕಾರಿಡಾರ್ ಒಂದು. ರೈತರ ವಿರೋಧದಿಂದ 2015ರ ಆಗಸ್ಟಿನಲ್ಲಿ ಅದನ್ನು ಕೈಬಿಡಬೇಕಾಯಿತು. ಆದರೆ ದೆಹಲಿಯಲ್ಲಿ ಮುಂಬಾಗಿಲಿನಿಂದ ಬರಲಾಗದ್ದು ರಾಜ್ಯಗಳಲ್ಲಿ ಹಿತ್ತಿಲ ಬಾಗಿಲಿನಿಂದ ಬಂತು. ಗುಜರಾತ್ 2016ರಲ್ಲಿ, ಕರ್ನಾಟಕ 2019ರಲ್ಲಿ ತಮ್ಮದೇ ತಿದ್ದುಪಡಿ ಮಾಡಿಕೊಂಡವು. ನಮ್ಮಲ್ಲಂತೂ 1966ರ ಕೆಐಎಡಿಬಿ ಕಾಯ್ದೆ ಮೊದಲೇ ಇದೆ. ಆಚರಣೆಯಲ್ಲಿ ಅದರ ನೋಟಿಸು ಹೋಗುವುದು ಹೆಚ್ಚಾಗಿ ಕಂದಾಯ ದಾಖಲೆಯಲ್ಲಿ ಹೆಸರಿರುವವರಿಗೆ. ಉಳಿದವರಿಗೆ ಸುದ್ದಿ ಮುಟ್ಟುವುದು ಹೊಲಕ್ಕೆ ಜೆಸಿಬಿ ಬಂದಾಗ.

ಇದನ್ನು ಎದುರಿಸಬಹುದು ಎಂಬುದನ್ನು ದೇವನಹಳ್ಳಿ ತಾಲ್ಲೂಕು ತೋರಿಸಿಕೊಟ್ಟಿದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ 2022ರ ಏಪ್ರಿಲಿನಲ್ಲಿ ಕುಳಿತ ರೈತರು ಮೂರು ವರ್ಷ ಎದ್ದಿರಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಘೋಷಿಸಿದರು. ಈ ನಡುವೆ ರಾಜ್ಯದಲ್ಲಿ ಆಳುವ ಪಕ್ಷ ಬದಲಾಗಿತ್ತು, ಅಧಿಸೂಚನೆ ಬದಲಾಗಿರಲಿಲ್ಲ. ಆದ್ದರಿಂದ ಇದನ್ನು ಒಂದು ಪಕ್ಷದ ತಲೆಗೆ ಕಟ್ಟಿ ಮುಗಿಸುವಂತಿಲ್ಲ. ಎಲ್ಲರ ಹೊಲವೂ ರಾಜಧಾನಿಯ ಕ್ಯಾಮೆರಾಗಳಿಗೆ ಅಷ್ಟು ಹತ್ತಿರ ಇರುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ನೆಲ ಕೊಟ್ಟ ಮೇಲೆ ಸಿಗುವ ಕೆಲಸ ಎಂಥದ್ದು? ಬೆಂಗಳೂರು-ಚೆನ್ನೈ ಹೆದ್ದಾರಿಯ ಪಕ್ಕದಲ್ಲೇ ಕೋಲಾರದ ನರಸಾಪುರವಿದೆ. 2020ರ ಡಿಸೆಂಬರ್ 12ರಂದು ಅಲ್ಲಿಯ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ನಡೆದ ದಾಂಧಲೆಯನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. ಒಡೆದ ಗಾಜುಗಳನ್ನು ಎಲ್ಲರೂ ತೋರಿಸಿದರು. ಸಂಬಳದ ಚೀಟಿಯನ್ನು ತೋರಿಸಿದವರು ಕಡಿಮೆ. ಅಲ್ಲಿದ್ದವರಲ್ಲಿ ಬಹುಪಾಲು ಗುತ್ತಿಗೆ ಕಾರ್ಮಿಕರು. ಕೆಲವರಿಗೆ ಸಂಬಳ ಸರಿಯಾಗಿ ಸಂದಿಲ್ಲವೆಂದು ಕೊನೆಗೆ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ದಾಂಧಲೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಗುತ್ತಿಗೆದಾರನ ಪುಸ್ತಕದಲ್ಲಿ ಮಾತ್ರ ಹೆಸರಿರುವ ದುಡಿಮೆಯನ್ನು ‘ಉದ್ಯೋಗ ಸೃಷ್ಟಿ’ಯ ಅಂಕಣಕ್ಕೆ ಸೇರಿಸುವಾಗ ಸಂಖ್ಯೆಯ ಜೊತೆ ಷರತ್ತುಗಳನ್ನೂ ಬರೆಯಬೇಕಲ್ಲವೇ?

ಹಳ್ಳಿಯಿಂದ ನಗರಕ್ಕೆ ಬರೋಣ. 2015ರ ಜೂನ್ 25ರಂದು ಆರಂಭವಾದ ಸ್ಮಾರ್ಟ್ ಸಿಟಿ ಮಿಷನ್ ನೂರು ನಗರಗಳನ್ನು ಆರಿಸಿಕೊಂಡಿತು. ಕರ್ನಾಟಕದಿಂದ ದಾವಣಗೆರೆ, ಬೆಳಗಾವಿ, ತುಮಕೂರು, ಶಿವಮೊಗ್ಗ, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಂಗಳೂರು ಹೀಗೆ ಏಳು. 2025ರ ಮಾರ್ಚ್ 31ಕ್ಕೆ ಅದು ಮುಗಿಯಿತು. ಹೊಸ ಬಸ್ ನಿಲ್ದಾಣ, ಕೆರೆ ಏರಿಯ ಮೇಲೆ ನಡೆದಾಡುವ ಹಾದಿ, ಕ್ರೀಡಾಂಗಣ, ಕ್ಯಾಮೆರಾ ಕಂಬಗಳು ಬಂದವು. ಇವು ಬೇಡವಾಗಿದ್ದವು ಎಂದು ಯಾರೂ ಹೇಳುವುದಿಲ್ಲ. ಆದರೆ ಮಾರ್ಗಸೂಚಿಯನ್ನು ಓದಿದರೆ ಯೋಜನೆಯ ಅಳತೆ ತಿಳಿಯುತ್ತದೆ. ಇರುವ ಬಡಾವಣೆಯನ್ನು ಸುಧಾರಿಸಲು 500 ಎಕರೆ, ಕೆಡವಿ ಕಟ್ಟಲು 50 ಎಕರೆ, ಹೊಸದಾಗಿ ಕಟ್ಟಲು 250 ಎಕರೆ ಇದ್ದರೆ ಸಾಕು. ಅಂದರೆ ‘ಸ್ಮಾರ್ಟ್’ ಆದದ್ದು ನಗರವಲ್ಲ, ನಗರದ ಒಂದು ತುಂಡು. ಆ ತುಂಡು ಸಾಮಾನ್ಯವಾಗಿ ಪೇಟೆಯ ನಡುವಿನದೇ. ಗುಜರಿ ಅಂಗಡಿ, ಬೀಡಿ ಕಟ್ಟುವ ಮನೆ, ಗ್ಯಾರೇಜು, ತೆರೆದ ಮೋರಿ ಇರುವ ಮೊಹಲ್ಲಾಗಳಿಗೆ, ಕೊಳೆಗೇರಿಗಳಿಗೆ ಅದರ ಬೆಳಕು ತಲುಪುವುದು ದೂರದ ಮಾತು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಹಣ ಖರ್ಚು ಮಾಡುವ ಅಧಿಕಾರ ಪಾಲಿಕೆಯ ಕೈಯಲ್ಲಿರಲಿಲ್ಲ. ಪ್ರತಿ ನಗರಕ್ಕೂ ಕಂಪನಿ ಕಾಯ್ದೆಯಡಿ ಒಂದು ‘ಲಿಮಿಟೆಡ್’ ಸ್ಥಾಪನೆಯಾಯಿತು. ರಾಜ್ಯಕ್ಕೂ ಪಾಲಿಕೆಗೂ ಅದರಲ್ಲಿ ಸಮಪಾಲು, ಆಡಳಿತ ಅಧಿಕಾರಿಗಳದ್ದು. ವಾರ್ಡಿನ ಹೆಂಗಸೊಬ್ಬಳು ನಲ್ಲಿಯಲ್ಲಿ ನೀರಿಲ್ಲವೆಂದು ಕಾರ್ಪೊರೇಟರ್ ಮನೆಯ ಬಾಗಿಲು ತಟ್ಟಬಲ್ಲಳು. ಕಂಪನಿಯ ಬಾಗಿಲು ಎಲ್ಲಿದೆ? 74ನೇ ತಿದ್ದುಪಡಿ ನಗರದ ಬಡವರಿಗೆ ಕೊಟ್ಟದ್ದು ಒಂದೇ ಒಂದು ರಹದಾರಿ, ತಮ್ಮ ಓಟು. ಕಂಪನಿಯ ಬೋರ್ಡ್ ರೂಮಿನಲ್ಲಿ ಅದು ಚಲಾವಣೆಯಾಗದ ನಾಣ್ಯ.

ಇದರ ಪರಿಣಾಮ ಯಾರ ಮೇಲೆ ಹೆಚ್ಚು? 2006ರ ಸಾಚಾರ್ ಸಮಿತಿಯ ವರದಿ ಹೇಳಿದ್ದನ್ನು ನೆನಪಿಸಿಕೊಳ್ಳಬೇಕು. ದುಡಿಯುವ ಮುಸ್ಲಿಂ ಗಂಡಸರಲ್ಲಿ ಶೇಕಡಾ 12ಕ್ಕೂ ಹೆಚ್ಚು ಮಂದಿ ಬೀದಿ ವ್ಯಾಪಾರದಲ್ಲಿದ್ದರು. ದೇಶದ ಸರಾಸರಿ ಶೇಕಡಾ 8ಕ್ಕಿಂತ ಕಡಿಮೆ. ನೆಲದ ಆಸರೆ ಕಡಿಮೆ, ಸಂಬಳದ ನೌಕರಿ ಕಡಿಮೆ, ಇರುವುದು ತಳ್ಳುಗಾಡಿ ಮತ್ತು ಕೈಕಸುಬು. ಹೀಗಾಗಿ ಫುಟ್‌ಪಾತಿಗೆ ಗ್ರಾನೈಟ್ ಹಾಸಿದ ದಿನ ಮೊದಲು ಎದ್ದು ಹೋಗಬೇಕಾದವರಲ್ಲಿ ನಮ್ಮವರೂ ಇರುತ್ತಾರೆ. ಅವರ ಪಕ್ಕದಲ್ಲೇ ಹೂವು ಮಾರುವ, ಸೊಪ್ಪು ಮಾರುವ ದಲಿತ, ಹಿಂದುಳಿದ ಜಾತಿಗಳ ಹೆಂಗಸರೂ ಎದ್ದು ಹೋಗುತ್ತಾರೆ. ಮಂಗಳೂರಿನ ಸೆಂಟ್ರಲ್ ಮಾರುಕಟ್ಟೆಯನ್ನು 2020ರ ಏಪ್ರಿಲಿನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ ಮುಚ್ಚಿ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಕಳಿಸಲಾಯಿತು. ವ್ಯಾಪಾರಿಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಹಳೆಯ ಕಟ್ಟಡ ಉರುಳಿತು, ಆ ಜಾಗದಲ್ಲಿ ಸ್ಮಾರ್ಟ್ ಸಿಟಿಯ ಹೊಸ ಮಾರುಕಟ್ಟೆಯ ಯೋಜನೆ ಬಂತು. ಕಟ್ಟಡ ಹಳತಾಗಿದ್ದರೆ ಹೊಸದು ಕಟ್ಟಲೇಬೇಕು. ಆದರೆ ವ್ಯಾಪಾರ ಎಂಬುದು ಬರೀ ಕಟ್ಟಡವಲ್ಲ. ಹತ್ತು ಹದಿನೈದು ವರ್ಷದ ಗಿರಾಕಿ, ಉದ್ರಿ ಕೊಡುವ ಸಾಹುಕಾರ, ಪಕ್ಕದಂಗಡಿಯವನ ಮೇಲಿನ ನಂಬಿಕೆ ಇವೆಲ್ಲ ಸೇರಿದರೆ ವ್ಯಾಪಾರ. ಜಾತಿ ಧರ್ಮ ನೋಡದೆ ಈ ನಂಬಿಕೆ ಬೆಳೆಯುತ್ತಿದ್ದುದೇ ಇಂಥ ಹಳೆಯ ಮಾರುಕಟ್ಟೆಗಳಲ್ಲಿ. ಅದಕ್ಕೆ ಪರಿಹಾರ ನಿಗದಿ ಮಾಡುವ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ.

ಕಾನೂನು ಇಲ್ಲವೆಂದಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರತಿ ಊರಿನ ಮಾರಾಟ ಸಮಿತಿಯಲ್ಲಿ ಶೇಕಡಾ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು ಎನ್ನುತ್ತದೆ. ಸಮೀಕ್ಷೆ ಮಾಡಿ ಗುರುತಿನ ಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ. ಆ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಮಾರುಕಟ್ಟೆಯನ್ನೂ ಕೆಡವುವಂತಿಲ್ಲ ಎಂದಾಗಲಿ. ಗ್ರಾಮಸಭೆ ನಡೆಯದೆ, ಕೂಲಿಕಾರರ ಪಟ್ಟಿ ಓದದೆ ಯಾವ ಅಧಿಸೂಚನೆಯೂ ಹೊರಡುವಂತಿಲ್ಲ ಎಂದಾಗಲಿ. ಕಾರ್ಖಾನೆಗೆ ಕೊಡುವ ಜಮೀನಿನ ಕರಾರಿನಲ್ಲೇ ಎಷ್ಟು ಮಂದಿ ಕಾಯಂ, ಎಷ್ಟು ಮಂದಿ ಗುತ್ತಿಗೆ ಎಂದು ಬರೆಯಲಿ. ಇವು ಕ್ರಾಂತಿಯ ಬೇಡಿಕೆಗಳಲ್ಲ. ಬಹುಮಟ್ಟಿಗೆ ಸಂಸತ್ತೇ ಒಮ್ಮೆ ಒಪ್ಪಿಕೊಂಡದ್ದನ್ನು ಹಿಂದಕ್ಕೆ ಕೇಳುವುದು ಅಷ್ಟೇ. ನಮ್ಮ ಜಮಾತುಗಳು, ಸಂಘಸಂಸ್ಥೆಗಳು ಮೀಸಲಾತಿ, ವಿದ್ಯಾರ್ಥಿವೇತನಗಳ ಬಗ್ಗೆ ಕೊಡುವ ಗಮನದ ಒಂದು ಪಾಲನ್ನು ಈ ಸಮಿತಿಗಳಿಗೂ ಕೊಡಬೇಕು. ನೆರೆಯ ಮುಸ್ಲಿಮೇತರ ವ್ಯಾಪಾರಿಗಳ ಜೊತೆ ಒಂದೇ ಅರ್ಜಿಗೆ ಸಹಿ ಹಾಕುವುದು ಸಾಮರಸ್ಯದ ಹತ್ತು ಭಾಷಣಗಳಿಗೆ ಸಮ.

ಶರಾವತಿಯಲ್ಲಿ ಮುಳುಗಿದ ಊರುಗಳಿಗೆ ನಾ. ಡಿಸೋಜರ ಕಾದಂಬರಿಗಳು ಸಿಕ್ಕವು. ‘ದ್ವೀಪ’ವನ್ನು ಓದಿದವರಿಗೆ ಅಣೆಕಟ್ಟಿನ ಮೆಗಾವಾಟಿನ ಹಿಂದೆ ಒಂದು ಮನೆಯ ಹೊಸ್ತಿಲು ಕಾಣುತ್ತದೆ. ಕಾರಿಡಾರಿನಲ್ಲಿ ನೀರು ಏರುವುದಿಲ್ಲ. ಊರು ಇದ್ದಲ್ಲೇ ಇರುತ್ತದೆ, ಸುತ್ತ ತಂತಿ ಬೇಲಿ ಏಳುತ್ತದೆ. ಈ ಬಗೆಯ ಮುಳುಗಡೆಯ ಕಥೆ ಕನ್ನಡದಲ್ಲೂ ಉರ್ದುವಿನಲ್ಲೂ ಬರಬೇಕಾಗಿದೆ. ಸರ್ಕಾರದ ಪ್ರಕಟಣೆಯಲ್ಲಿ ಪಾತ್ರವಾಗದ ಕೂಲಿಯಾಳಿಗೂ ತಳ್ಳುಗಾಡಿಯವನಿಗೂ ಒಂದು ಹೆಸರು, ಒಂದು ವಿಳಾಸ ಅಲ್ಲಾದರೂ ಸಿಗಲಿ. ಹೆಸರಿದ್ದವನಿಗೆ ನೋಟಿಸು ಕೊಡಬೇಕಾಗುತ್ತದೆ. ನೋಟಿಸು ಕೊಟ್ಟವನ ಮಾತನ್ನು ಕೇಳಬೇಕಾಗುತ್ತದೆ.