ಮ್ಯಾಕ್‌ಬೆತ್ ಯಾವ ವೇಷ?

ಹಳೆಯ ರಂಗಕಲೆಯನ್ನು ಹೊಸದು ಮಾಡಹೊರಟವರು ಮೊದಲು ಕೈಹಾಕುವುದು ಪರದೆಗೆ, ದೀಪಕ್ಕೆ, ವಾದ್ಯಕ್ಕೆ. ನಟನ ಮೈಗೆ ಕೈಹಾಕುವ ಧೈರ್ಯ ಬರುವುದು ಬಹಳ ತಡವಾಗಿ. ಚೀನೀಯರ ಗೀತನಾಟಕ ಪಾಶ್ಚಾತ್ಯ ನಾಟಕದೊಡನೆ ನಡೆಸಿದ ನಂಟಸ್ತಿಕೆಯ ಕಥೆಯೂ ಇದೇ ಎಂದು ನನ್ನ ಎಣಿಕೆ.

ಪೀಕಿಂಗ್ ಸಂಪ್ರದಾಯದ ರಂಗದ ಮೇಲೆ ಇರುವುದು ಒಂದು ಮೇಜು, ಎರಡು ಕುರ್ಚಿ. ನಟ ಚಾವಟಿ ಹಿಡಿದರೆ ಕುದುರೆ ಬಂತು, ಹುಟ್ಟು ಹಿಡಿದರೆ ಹೊಳೆ ಹರಿಯಿತು. ಇಲ್ಲಿಗೆ ವಾಸ್ತವ ನಾಟಕವನ್ನು ತಂದರೆ ಏನಾದೀತು? ಸ್ತ್ರೀಪಾತ್ರಗಳಲ್ಲಿ ಅದ್ವಿತೀಯರೆನಿಸಿದ ಮೇ ಲಾನ್‌ಫಾಂಗ್ 1914ರ ಸುಮಾರಿಗೆ ಅದನ್ನು ಮಾಡಿಯೇ ನೋಡಿದರು. ಅಂದಿನ ಕಥೆ, ಅಂದಿನ ಉಡುಪು. ಆದರೆ ನಿತ್ಯದ ಉಡುಪಿನಲ್ಲಿ ನಿತ್ಯದಂತೆ ನಡೆಯುವ ಪಾತ್ರಕ್ಕೆ ಆ ನೀಳವಾದ ಬಿಳಿಯ ತೋಳಂಚಿನ ಬಳುಕು ಏತಕ್ಕೆ? ಕೆಲವೇ ವರ್ಷಗಳಲ್ಲಿ ಅವರು ಆ ದಾರಿ ಬಿಟ್ಟರು. ತಮಾಷೆಯೆಂದರೆ, 1935ರಲ್ಲಿ ಮಾಸ್ಕೋದಲ್ಲಿ ಬ್ರೆಕ್ಟ್ ಬೆರಗಾದದ್ದು ಅವರ ಹಳೆಯ ಕಲೆಯನ್ನು ಕಂಡು!

1960ರ ದಶಕದ ‘ಮಾದರಿ’ ನಾಟಕಗಳಲ್ಲಿ ಪಾಶ್ಚಾತ್ಯ ವಾದ್ಯವೃಂದ ಬಂತು. ಸಂಗೀತಕ್ಕೆ ಲಾಭವಾಯಿತೆನ್ನಿ, ಪಾತ್ರಗಳು ಮಾತ್ರ ಮುಷ್ಟಿ ಬಿಗಿದ ಭಿತ್ತಿಪತ್ರಗಳಾದವು.

ನಿಜವಾದ ಪರೀಕ್ಷೆ ನಡೆದದ್ದು 1986ರಲ್ಲಿ, ತೈವಾನಿನ ತೈಪೆಯಲ್ಲಿ. ವೂ ಶಿಂಗ್‌ಕ್ವೊ ಗೆಳೆಯರನ್ನು ಕೂಡಿಕೊಂಡು ಮಂಡಳಿ ಕಟ್ಟಿ, ಮ್ಯಾಕ್‌ಬೆತ್ತನ್ನು ‘ಆಸೆಯ ರಾಜ್ಯ’ ಎಂದು ಆಡಿದರು. ನಮ್ಮ ಯಕ್ಷಗಾನದ ಪುಂಡುವೇಷ, ಬಣ್ಣದ ವೇಷಗಳಂತೆ ಅಲ್ಲಿಯೂ ನಟನಿಗೆ ಚಿಕ್ಕಂದಿನಿಂದ ಒಂದೇ ವರ್ಗದ ಪಾತ್ರ. ವೂ ಕಲಿತದ್ದು ಯುದ್ಧವೀರನ ಪಾತ್ರ. ಹಾಗಾದರೆ ಮ್ಯಾಕ್‌ಬೆತ್ ಯಾವ ವೇಷ? ವೀರನೂ ಹೌದು, ಕೊಲೆಗಡುಕನೂ ಹೌದು, ತನ್ನ ನೆರಳಿಗೇ ಬೆದರುವವನೂ ಹೌದು. ಒಂದು ವರ್ಗದಲ್ಲಿ ಹಿಡಿಸದೆ, ಗಂಭೀರ ಪುರುಷಪಾತ್ರದಿಂದಲೂ ಬಣ್ಣದ ಮುಖದವನಿಂದಲೂ ಸಾಲ ತರಬೇಕಾಯಿತು. ಲೇಡಿ ಮ್ಯಾಕ್‌ಬೆತ್ ಆದ ವೈ ಹಾಯ್‌ಮಿನ್ ಅಭ್ಯಾಸ ಮಾಡಿದ್ದು ಮರ್ಯಾದೆಯ ಸಾಧ್ವಿಯರ ನಡಿಗೆಯನ್ನು. ಗಂಡನನ್ನು ಕೊಲೆಗೆ ಹುರಿದುಂಬಿಸುವ ಹೆಣ್ಣಿಗೆ ಆ ನಡಿಗೆ ಸಾಲದು. 1979ರಲ್ಲಿ ಬಿ. ವಿ. ಕಾರಂತರು ದೆಹಲಿಯಲ್ಲಿ ಇದೇ ನಾಟಕವನ್ನು ‘ಬರ್ನಮ್ ವನ’ವೆಂದು ಹಿಂದಿಯಲ್ಲಿ, ಯಕ್ಷಗಾನದ ಧಾಟಿಯಲ್ಲಿ ಆಡಿಸಿದ್ದರು. ಆದರೆ ಅಲ್ಲಿನ ನಟರು ಮೇಳದವರಲ್ಲ. ಹೊರಗಿನಿಂದ ಒಳಕ್ಕೆ ಬಂದವರು. ವೂ ಒಳಗಿನವರು, ಮುರಿದದ್ದು ತಮ್ಮ ಮನೆಯ ತೊಲೆಯನ್ನು.

ಚಿತ್ರೀಕರಣದಲ್ಲಿ ಕಂಡವನ ಮಾತೆಂದು ಓದುಗರು ನನ್ನ ಅಭಿಪ್ರಾಯವನ್ನು ತೂಗಿ ತೆಗೆದುಕೊಳ್ಳಲಿ. ಷೇಕ್ಸ್‌ಪಿಯರನ ಮಾತಿನ ಸಿರಿ ಬಹಳಷ್ಟು ಸೋರಿಹೋಗಿದೆ. ಕುರೊಸಾವಾ ಚಿತ್ರದ ನೆರಳೂ ಬೇಕಾದ್ದಕ್ಕಿಂತ ದಟ್ಟ. ಆದರೂ ಕೊನೆಯಲ್ಲಿ ದಪ್ಪ ಅಟ್ಟೆಯ ಬೂಟು, ಭಾರದ ಕವಚ ತೊಟ್ಟ ನಾಯಕ ಎತ್ತರದ ಕೋಟೆಗೋಡೆಯಿಂದ ಹಿಮ್ಮುಖವಾಗಿ ಲಾಗ ಹಾಕಿ ಬೀಳುವಾಗ, ಅದು ವ್ಯಾಯಾಮವಲ್ಲ, ಪತನ. ಹಳೆಯ ವಿದ್ಯೆಗೆ ಹೊಸ ಅರ್ಥ ಬಂದದ್ದು ಅಲ್ಲಿ.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಗುರುವಿನೊಡನೆ ಸಂಬಂಧ ಕಡಿಯಿತು. 1998ರಲ್ಲಿ ಮಂಡಳಿಯೂ ನಿಂತಿತು. 2001ರಲ್ಲಿ ವೂ ಒಬ್ಬರೇ ಲಿಯರ್ ಆಡಿದರು: ಅಪ್ಪ, ಮೂವರು ಹೆಣ್ಣುಮಕ್ಕಳು, ವಿದೂಷಕ ಎಲ್ಲ ಸೇರಿ ಹತ್ತು ಪಾತ್ರ. ನಡುವಿನ ಅಂಕದಲ್ಲಿ ವೇಷದಿಂದ ವೇಷಕ್ಕೆ ಜಿಗಿಯುವ ಚಮತ್ಕಾರ ಕಣ್ಣನ್ನು ಹಿಡಿಯುತ್ತದೆ, ಮನಸ್ಸನ್ನು ಬಿಡುತ್ತದೆ. ಮೊದಲ ಅಂಕ ಹಾಗಲ್ಲ. ಹುಚ್ಚಿನಲ್ಲಿ ತೊನೆಯುವ ಮುದುಕ ರಂಗದ ಮೇಲೆಯೇ ಗಡ್ಡ ಕಳಚುತ್ತಾನೆ, ಶಿರೋವೇಷ ತೆಗೆಯುತ್ತಾನೆ, ನಿಲುವಂಗಿ ಬಿಚ್ಚುತ್ತಾನೆ. ತಾನು ಯಾರೆಂದು ಕೇಳುತ್ತಾನೆ. ಕೇಳುತ್ತಿರುವವನು ಲಿಯರನೋ, ಗುರುವನ್ನು ಕಳೆದುಕೊಂಡ ಶಿಷ್ಯನೋ ಎಂದು ಹೇಳಲು ನನಗೆ ಆಗಲಿಲ್ಲ.