ಗರಿಗಾಲಿನ ಕೋಳಿಗೆ ನೂರಕ್ಕೆಷ್ಟು?

ಮೂವತ್ತು ವರ್ಷದಿಂದ ಮಕ್ಕಳ ಪೇಪರು ತಿದ್ದುತ್ತಾ ಬಂದವಳು ನಾನು. ಆದರೆ ಕೋಳಿಗೂ ನೂರಕ್ಕಿಷ್ಟು ಎಂದು ಅಂಕ ಹಾಕುವವರಿದ್ದಾರೆ ಎಂಬುದು, ಕಳಸದಲ್ಲಿರುವ ಅಣ್ಣನ ಮಗ ಆ ದಪ್ಪ ಇಂಗ್ಲಿಷ್ ಪುಸ್ತಕ ತಂದು ಮೇಜಿನ ಮೇಲಿಡುವ ತನಕ ನನಗೆ ತಿಳಿದಿರಲಿಲ್ಲ.

"ಅತ್ತೆ, ನೀವು ಓದಿದವರು. ನನ್ನ ಹುಂಜ ಪಾಸಾಗುತ್ತದೋ ಇಲ್ಲವೋ ನೋಡಿ ಹೇಳಿ" ಎಂದ.

ಅವನ ಹುಂಜ ಬ್ರಹ್ಮ ಜಾತಿಯದು, ಬೆಂಗಳೂರಿನಿಂದ ತರಿಸಿದ್ದು. ತೊಡೆಯಿಂದ ಕಾಲ್ಬೆರಳ ತುದಿಯವರೆಗೆ ಗರಿಯೋ ಗರಿ. ಕಾಫಿ ಕಣದಲ್ಲಿ ಅದು ನಡೆದು ಬಂದರೆ ಮದುಮಗಳು ಸೀರೆ ನೆರಿಗೆ ಚಿಮ್ಮುತ್ತಾ ಬಂದ ಹಾಗೆ ಕಾಣುತ್ತದೆ. ಹೆಸರು ಕೇಳಿ ನಮ್ಮದೇ ದೇವರ ಕೋಳಿ ಎಂದುಕೊಳ್ಳಬೇಡಿ. ಬ್ರಹ್ಮಪುತ್ರ ನದಿಯ ಹೆಸರು ಮೊಟಕಾಗಿ 'ಬ್ರಹ್ಮ' ಆಯಿತು. ಕೋಳಿ ಮಾತ್ರ 1840ರ ದಶಕದಲ್ಲಿ ಚೀನಾದ ಶಾಂಘೈ ಬಂದರಿನಿಂದ ಅಮೆರಿಕಕ್ಕೆ ಹೋದ ಹಿರಿಯರ ಸಂತಾನ. ಇದರ ನೆಂಟ 'ಕೊಚಿನ್' ಕೋಳಿಯೂ ನಮ್ಮ ಕೊಚ್ಚಿಯದಲ್ಲ, ಚೀನಾದ್ದೇ. 1849ರಲ್ಲಿ ಬಾಸ್ಟನ್ನಿನಲ್ಲಿ ಕೋಳಿ ಪ್ರದರ್ಶನವಾದ ಮೇಲೆ ಅಲ್ಲಿನವರಿಗೆ ಕೋಳಿ ಹುಚ್ಚು ಹಿಡಿಯಿತು. ಜಾರ್ಜ್ ಬರ್ನ್‌ಹ್ಯಾಮ್ ಎಂಬ ವ್ಯಾಪಾರಿ 1852ರಲ್ಲಿ ವಿಕ್ಟೋರಿಯಾ ರಾಣಿಗೇ ಒಂಬತ್ತು ಕೋಳಿ ಕಳಿಸಿ ಹೆಸರು ಮಾಡಿಕೊಂಡ. ಆಮೇಲೆ 1855ರಲ್ಲಿ ಆ ಹುಚ್ಚನ್ನೇ ಗೇಲಿ ಮಾಡಿ ಪುಸ್ತಕವನ್ನೂ ಬರೆದ. ಮಾರಿದ್ದೂ ಅವನೇ, ನಕ್ಕಿದ್ದೂ ಅವನೇ!

ನನ್ನ ಕೈಗೆ ಬಂದದ್ದು ಅಮೆರಿಕದ ಕೋಳಿ ಸಾಕುವವರ ಸಂಘ 1874ರಿಂದ ಅಚ್ಚು ಹಾಕಿಸುತ್ತಾ ಬಂದಿರುವ 'ಸ್ಟ್ಯಾಂಡರ್ಡ್ ಆಫ್ ಪರ್ಫೆಕ್ಷನ್'. ಇದಕ್ಕೂ ಮುಂಚೆ 1865ರಲ್ಲಿ ಲಂಡನ್ನಿನಲ್ಲಿ ಟೆಗೆಟ್‌ಮಿಯರ್ ಇಂಥದೇ ಒಂದನ್ನು ಸಿದ್ಧಪಡಿಸಿದ್ದರು. ನಿಘಂಟು ಪಕ್ಕದಲ್ಲಿಟ್ಟುಕೊಂಡು ರಾತ್ರಿ ಹೊತ್ತು ಓದಿದೆ. ನಗಲು ಹೊರಟವಳಿಗೆ ಗೌರವ ಹುಟ್ಟಿತು, ಸುಳ್ಳು ಹೇಳುವುದಿಲ್ಲ. ನಾವು ಕೋಳಿಯನ್ನು ನೋಡಿ 'ಚೆನ್ನಾಗಿದೆ' ಎಂದು ಸುಮ್ಮನಾಗುತ್ತೇವೆ. ಈ ಪುಸ್ತಕ ಚೆನ್ನ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತದೆ. ಬೆನ್ನಿನ ಇಳಿಜಾರು, ಬಾಲದ ಎತ್ತರ, ಜುಟ್ಟಿನ ಮೂರು ಸಾಲು, ಒಂದೊಂದು ಗರಿಯ ಅಂಚಿನ ಬಣ್ಣ, ಎಲ್ಲಕ್ಕೂ ಹೆಸರಿದೆ. ತಿಳಿಬಣ್ಣದ ಬ್ರಹ್ಮ ಹುಂಜ ಹತ್ತಿರ ಹತ್ತಿರ 5.5 ಕಿಲೋ ತೂಗಬೇಕಂತೆ. ನಮ್ಮ ಕನ್ನಡ ಪುಸ್ತಕಗಳ ವಿಮರ್ಶೆ ಬರೆಯುವವರು ಇಷ್ಟು ಹತ್ತಿರ ಕುಳಿತು ನೋಡಿದ್ದರೆ!

ತಕರಾರು ಶುರುವಾಗುವುದು ಕಾಲಿನ ಹತ್ತಿರ. ಮೊಣಕಾಲ ಗೆಣ್ಣಿನಿಂದ ಹಿಂದಕ್ಕೆ ಚಾಚುವ ಬಿರುಸಾದ ಗರಿಗಳನ್ನು ಅವರು ಹದ್ದಿನ ಕಾಲು ಎನ್ನುತ್ತಾರೆ. ಬ್ರಹ್ಮಕ್ಕೂ ಕೊಚಿನ್‌ಗೂ ಅದು ದೋಷ. ಸುಲ್ತಾನ್ ಎಂಬ ಕೋಳಿಗೆ ಅದೇ ಗರಿ ಇರಲೇಬೇಕು. ಬೋಳುಗಾಲಿನ ಜಾತಿಗಳಲ್ಲಾದರೆ ಕಾಲಿನ ಮೇಲೆ ಮೊಳಕೆಯಂಥ ಒಂದು ಗರಿ ಕಂಡರೂ ಹೊರಗೆ. ಗರಿ ಒಂದೇ, ಮನೆ ಬದಲಾದರೆ ಗುಣ ಅವಗುಣ! ಇದು ಓದಿದಾಗ, ನೋಡಲು ಬಂದವರು ನಮ್ಮನ್ನು ಪಡಸಾಲೆಯಲ್ಲಿ ಆ ಕಡೆ ಈ ಕಡೆ ನಡೆಸಿದ್ದು ನೆನಪಾಗದ ಹೆಂಗಸು ಯಾರಿದ್ದಾಳೆ?

ಕಾಲಿನಲ್ಲಿ ಗರಿ ಏಕೆ ಬರುತ್ತದೆ? ಪಾರಿವಾಳಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2016ರಲ್ಲಿ ಒಂದು ಸೊಗಸಾದ ಉತ್ತರ ಹೇಳಿದರು, ಆಮೇಲೆ ಕೋಳಿಗಳಲ್ಲೂ ಅಂಥದೇ ಕಂಡಿತು. ಮೊಟ್ಟೆಯೊಳಗೆ ಕಾಲು ಬೆಳೆಯುವಾಗ 'ನೀನು ಕಾಲು' ಎಂದು ಹೇಳುವ ಜೀನಿನ ದನಿ ತಗ್ಗಿ, 'ನೀನು ರೆಕ್ಕೆ' ಎಂದು ಹೇಳುವ ಜೀನು ಅಲ್ಲಿ ಮಾತಾಡತೊಡಗುತ್ತದೆ. ಅರ್ಧ ರೆಕ್ಕೆಯಾಗಲು ಹೊರಟ ಕಾಲು ಅದು! ನಾಟಿ ಕೋಳಿಯೊಡನೆ ಕೂಡಿದರೆ ಮರಿಗಳ ಕಾಲಲ್ಲಿ ಗರಿ ವಿರಳವಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಅಂಥ ಬೆರಕೆ ಹೇಂಟೆಯೊಂದು ನಮ್ಮ ಒಡ್ಡಿಯಲ್ಲಿತ್ತು. ಅಣ್ಣನ ಮಗನ ಹುಂಜಕ್ಕೂ ನಮ್ಮ ನಾಟಿಗೂ ಹುಟ್ಟಿದ್ದು. ಕಾಲಿನ ಹೊರಬದಿಗೆ ಮಾತ್ರ ನಾಲ್ಕು ಗರಿ, ನಡುಬೆರಳು ಬೋಳು. ಹನ್ನೆರಡು ಮೊಟ್ಟೆಗೆ ಕಾವು ಕೂತು ಹನ್ನೊಂದು ಹೂಮರಿ ಎಬ್ಬಿಸಿತ್ತು. ಗಿಡುಗ ಎರಗಿದಾಗ ಮೇಲಕ್ಕೆ ಹಾರಿ ಅದರ ಎದೆಗೇ ಒದ್ದಿತ್ತು, ಕಣ್ಣಾರೆ ಕಂಡಿದ್ದೇನೆ. ಅದೇ ಹೇಂಟೆಯನ್ನು ಈ ಪುಸ್ತಕ ಓದಿದ ಹುರುಪಿನಲ್ಲಿ ನಾನು ತೂಗಿ ನೋಡಿ, ಫೇಲು ಎಂದೆ. ವರ್ಷದೊಡಕಿಗೆ ನೆಂಟರು ಬಂದಿದ್ದರು. 'ಯಾವುದನ್ನು ಹಿಡಿಯಲಿ?' ಎಂದು ಮನೆಯವರು ಕೇಳಿದಾಗ ಬೆರಳು ತೋರಿಸಿದವಳೂ ನಾನೇ. ಕಡುಬಿನ ಜೊತೆ ಸಾರು ಚೆನ್ನಾಗಿಯೇ ಇತ್ತು ಎಂದರು. ನನಗೆ ಸೇರಲಿಲ್ಲ.

ಪಾಸಾದವಳನ್ನು ಉಳಿಸಿಕೊಂಡೆ. ಅಣ್ಣನ ಮಗ ಕೊಟ್ಟಿದ್ದ ಅಪ್ಪಟ ಬ್ರಹ್ಮ ಹೇಂಟೆ. ಕಾವು ಕೂತಿತು, ಏಳುವಾಗ ಕಾಲ್ಗರಿಗೆ ಸಿಕ್ಕಿ ಮೊಟ್ಟೆ ಹೊರಗುರುಳಿತು, ಭಾರಕ್ಕೆ ಎರಡು ಒಡೆದವು. ಆರಿದ್ರಾ ಮಳೆ ಹಿಡಿದ ಮೇಲಂತೂ ಮೂಡಿಗೆರೆಯ ಕೆಸರು ಆ ಗರಿಗಳಿಗೆ ಮೆತ್ತಿಕೊಂಡು ನಿಂಬೆಹಣ್ಣಿನ ಗಾತ್ರದ ಉಂಡೆಗಳಾದವು. ಒದ್ದೆ ಗರಿಯ ಅಡಿಯಲ್ಲಿ ನುಸಿ ಸೇರಿ ಹುರುಪೆ ಎದ್ದಿತು. ನಮ್ಮ ತೋಟದ ಅಂಚಿನಲ್ಲಿ ಕೂಗುವ ಕಾಡುಕೋಳಿಯ ಕಾಲು ಬೋಳು. ಅದಕ್ಕೆ ಅಂಕ ಕೊಡುವುದು ಮಳೆ, ಮುಂಗುಸಿ, ಕಾಡುಬೆಕ್ಕು.

ಪುಸ್ತಕದ ಕೊರತೆ ನನಗೆ ತಿಳಿದದ್ದು ಆಗ. ಅದು ನಿಂತ ಕೋಳಿಯನ್ನು ನೋಡುತ್ತದೆ. ಕಸುವು, ಆರೋಗ್ಯಕ್ಕೂ ಅಂಕವಿದೆ, ನಿಜ. ಅದೂ ಪಂಜರದಲ್ಲಿ ನಿಂತ ಹೊತ್ತಿನದು. ನಮ್ಮ ಮೂಡಿಗೆರೆಯಲ್ಲೇ ಇದ್ದು 2007ರಲ್ಲಿ ತೀರಿಕೊಂಡ ತೇಜಸ್ವಿಯವರು ಕ್ಯಾಮೆರಾ ಹಿಡಿದು ಹಕ್ಕಿಗಾಗಿ ಕಾಯುತ್ತಿದ್ದವರು. ಅವರಿಗೆ ಹಕ್ಕಿ ಏನು ಮಾಡುತ್ತದೆ ಎಂಬುದು ಬೇಕಿತ್ತು. ಹೆಬ್ಬಾಳದವರು ಗಿರಿರಾಜ ಕೋಳಿ ರೂಪಿಸಿದಾಗಲೂ ಹಿತ್ತಲಲ್ಲಿ ಮೇದು ಬದುಕುವುದೇ ಎಂದು ನೋಡಿದರು.

ಹಾಗೆಂದು ಪ್ರದರ್ಶನದವರನ್ನು ಬೈಯಲಾರೆ. ಅವರ ಹಠವಿಲ್ಲದಿದ್ದರೆ ಈ ಚೆಲುವು ಬೆರಕೆಯಲ್ಲಿ ಕರಗಿಹೋಗುತ್ತಿತ್ತು. ಒಣ ನೆಲ, ಬೆಚ್ಚಗಿನ ಹುಲ್ಲು ಹಾಸಿ ಸಾಕುವವರ ಮಾತು ಬೇರೆ. ನಾನು ಆ ಅಳತೆಯನ್ನು ನಮ್ಮ ಕೆಸರಿಗೆ ತಂದೆ; ತಪ್ಪು ನನ್ನದು.

ಹೋದ ಭಾನುವಾರ ಹೇಂಟೆಯನ್ನು ಮಡಿಲಲ್ಲಿಟ್ಟುಕೊಂಡು ಬಿಸಿನೀರಿನಲ್ಲಿ ಕಾಲು ನೆನೆಸಿ, ಕತ್ತರಿಯಿಂದ ಗರಿಗಳನ್ನು ಒಂದೊಂದಾಗಿ ಮೋಟು ಮಾಡಿ, ಹುರುಪೆಗೆ ಹೊಂಗೆ ಎಣ್ಣೆ ಸವರಿದೆ. ಅಷ್ಟರಲ್ಲಿ ಕಳಸದಿಂದ ಫೋನು.

"ಅತ್ತೆ, ನೂರಕ್ಕೆ ಎಷ್ಟು ಕೊಟ್ರಿ?"

"ಕೈ ಎಣ್ಣೆಯಾಗಿದೆ ಮಾರಾಯ, ಆಮೇಲೆ ಮಾಡು" ಎಂದೆ.