ಅಲ್ಪವಿರಾಮಗಳ ನಡುವೆ ಕಳೆದುಹೋದ ನಡುಕ

ಇಂಗ್ಲಿಷಿನ 'ಕ್ವಿವರ್' ಪದಕ್ಕೆ ಎರಡು ಅರ್ಥ. ಒಂದು, ಸಣ್ಣಗೆ ನಡುಗುವುದು; ಇನ್ನೊಂದು, ಬತ್ತಳಿಕೆ. ಉಕ್ರೇನಿಯನ್ ನುಡಿಗೆ ದಾಟಿಸುವಾಗ ಬತ್ತಳಿಕೆ ತೊಂದರೆ ಕೊಡುವುದಿಲ್ಲ. ಅದಕ್ಕೆ 'ಸಹೈದಾಕ್' ಎಂಬ ಗಟ್ಟಿ ಪದವಿದೆ, ಹುಲ್ಲುಗಾವಲಿನ ಕುದುರೆ ಸವಾರರ ನುಡಿಗಳಿಂದ ಬಂದದ್ದು. 1621ರ ಖೋತಿನ್ ಯುದ್ಧದಲ್ಲಿ ಕೊಸಾಕರನ್ನು ಮುನ್ನಡೆಸಿದ ಹೆತ್ಮನ್ ಪೆತ್ರೊ ಕೊನಾಶೆವಿಚ್‌ಗೆ ಅಂಟಿಕೊಂಡ 'ಸಹೈದಾಚ್ನಿ' ಎಂಬ ಹೆಸರಿನ ಒಳಗೂ ಇದೇ ಬತ್ತಳಿಕೆ ಕೂತಿದೆ. ಇಲ್ಲಿಯವರೆಗೆ ನಿಘಂಟುಗಳ ಮೇಲೆ ನನ್ನ ತಕರಾರಿಲ್ಲ. ತಕರಾರು ಇರುವುದು ನಡುಕದ ವಿಷಯದಲ್ಲಿ.

ದ್ವಿಭಾಷಾ ನಿಘಂಟುಗಳ ರೂಢಿ ನಮಗೆ ಗೊತ್ತೇ ಇದೆ: ಒಂದು ಪದ, ಅದರೆದುರು ನಾಲ್ಕು ಸಮಾನಪದಗಳು, ನಡುವೆ ಅಲ್ಪವಿರಾಮ. ತ್ರೆಮ್ತೀತಿ, ದ್ರಿಝಾತಿ, ತ್ರಿಪೊತೀತಿ, ಜ್ದ್ರಿಹಾತಿಸ್ಯ. ಸಾಲಾಗಿ ನಿಂತಾಗ ನಾಲ್ಕೂ ಒಂದೇ ತೂಕದವೆಂದು ಕಾಣುತ್ತದೆ. ಕನ್ನಡದಲ್ಲಿ ಹೀಗೆ ಮಾಡಿ ನೋಡಿ: ಅದುರು, ನಡುಗು, ಅಲುಗು, ಪಟಪಟಿಸು. ನುಡಿ ಕಲಿಯಲು ಬಂದ ಹೊರಗಿನವರು ಇದನ್ನು ನಂಬಿ 'ಎಲೆ ಗಡಗಡ ನಡುಗಿತು, ತುಟಿ ಪಟಪಟಿಸಿತು' ಎಂದು ಬರೆದರೆ ತಪ್ಪು ಅವರದ್ದಲ್ಲ.

ಉಕ್ರೇನಿಯನ್ ಪದಗಳನ್ನು ಬಿಡಿಬಿಡಿಯಾಗಿ ನೋಡಿದರೆ ಒಂದೊಂದಕ್ಕೂ ಒಂದೊಂದು ಮನೆಯಿದೆ. 'ತ್ರೆಮ್ತೀತಿ' ದನಿಗೆ, ಕೈಬೆರಳಿಗೆ, ತುಟಿಗೆ ಹೊಂದುವ ನಯವಾದ ನಡುಕ. 'ತ್ರಿಪೊತೀತಿ' ಹಕ್ಕಿಯ ರೆಕ್ಕೆಗೆ, ಗಾಳಿಯ ಎಲೆಗೆ, ಹಿಗ್ಗಿದ ಎದೆಗೆ ಸೇರಿದ್ದು. 'ದ್ರಿಝಾತಿ' ಸ್ವಲ್ಪ ಒರಟು; ಅದರಲ್ಲಿ ಚಳಿಯಿದೆ, ಭಯವಿದೆ, ಹಲ್ಲು ಕಟಕಟಿಸುವ ಸದ್ದೂ ಇದೆ. ಇದರ ಬಳಗದ 'ದ್ರಿಝಾಕಿ' ಎಂಬ ನಾಮಪದ ನನಗೆ ಬಲು ಪ್ರಿಯ. ಚಳಿಯಲ್ಲಿ ನಿಂತವರು 'ದ್ರಿಝಾಕಿ ಹಿಡಿಯುತ್ತಾರೆ', ಕೆಲವೊಮ್ಮೆ 'ದ್ರಿಝಾಕಿ ತಿನ್ನುತ್ತಾರೆ'. ಕನ್ನಡದಲ್ಲಿ ನಡುಕ ನಮ್ಮನ್ನು ಹಿಡಿಯುತ್ತದೆ. ಅಲ್ಲಿ ಮನುಷ್ಯನೇ ನಡುಕವನ್ನು ಹಿಡಿಯುತ್ತಾನೆ. 2022ರ ಅಕ್ಟೋಬರಿನಿಂದ ವಿದ್ಯುತ್ ಜಾಲದ ಮೇಲೆ ಕ್ಷಿಪಣಿಗಳು ಬೀಳತೊಡಗಿ ಮನೆಗಳು ತಣ್ಣಗಾದ ದೇಶದಲ್ಲಿ, ಚಳಿಯ ನಡುಕಕ್ಕೂ ಭಯದ ನಡುಕಕ್ಕೂ ಇರುವ ಅಂತರ ಬರೀ ಪಂಡಿತರ ಚರ್ಚೆಯಲ್ಲ.

ಅಲ್ಪವಿರಾಮ ಮುಚ್ಚಿಡುವ ಇನ್ನೊಂದು ಸಂಗತಿ ಕಾಲಗತಿಯದ್ದು. ಇಂಗ್ಲಿಷ್ ಕಥೆಯಲ್ಲಿ ಹುಡುಗಿಯೊಬ್ಬಳ ತುಟಿ 'ಕ್ವಿವರ್' ಆಯಿತು ಎಂದಿದ್ದರೆ, ಒಮ್ಮೆಯೋ, ಆಗಷ್ಟೇ ಶುರುವಾಯಿತೋ, ಬಹಳ ಹೊತ್ತು ನಡೆಯಿತೋ ಎಂದು ಕ್ರಿಯಾಪದ ಹೇಳುವುದಿಲ್ಲ. ಉಕ್ರೇನಿಯನ್ ಅನುವಾದಕ ಹೇಳಲೇಬೇಕು. ಒಮ್ಮೆ ಬೆಚ್ಚಿದಂತೆ ಅದುರಿದರೆ 'ಜ್ದ್ರಿಹ್ನೂತಿಸ್ಯ', ಆಗಾಗ ಅದುರುತ್ತಿದ್ದರೆ 'ಜ್ದ್ರಿಹಾತಿಸ್ಯ', ಅದುರತೊಡಗಿದರೆ 'ಜತ್ರೆಮ್ತೀತಿ', ಅದುರುತ್ತಲೇ ಇದ್ದರೆ 'ತ್ರೆಮ್ತೀತಿ'. ಕನ್ನಡಿಗರಿಗೆ ಇದು ಹೊಸದಲ್ಲ. ನಡುಗಿದ, ನಡುಗತೊಡಗಿದ, ನಡುಗುತ್ತಿದ್ದ, ನಡುಗಿಬಿಟ್ಟ ಎಂದು ನಾವು ಬಾಲ ಜೋಡಿಸಿ ಮಾಡುವ ಕೆಲಸವನ್ನು ಅವರು ಬಹುಮಟ್ಟಿಗೆ ಪದದ ತಲೆಯಲ್ಲೋ ನಡುವಿನಲ್ಲೋ ಒಂದು ಅಕ್ಷರ ಬದಲಿಸಿ ಮಾಡುತ್ತಾರೆ. ಅನುವಾದಕನ ಓದುಗಾರಿಕೆ ಬಯಲಾಗುವುದು ಇಲ್ಲಿಯೇ: ಆ ತುಟಿಯನ್ನು ಅವನು ನಿಜವಾಗಿ ಕಂಡಿದ್ದಾನೆಯೇ ಇಲ್ಲವೇ?

ಹಾಗಾದರೆ ಒಳ್ಳೆಯ ನಿಘಂಟು ಹೇಗಿರಬೇಕು? 1907ರಿಂದ 1909ರ ನಡುವೆ ಬೊರಿಸ್ ಹ್ರಿಂಚೆಂಕೊ ನಾಲ್ಕು ಸಂಪುಟಗಳಲ್ಲಿ ಹೊರತಂದ ಉಕ್ರೇನಿಯನ್ ಕೋಶ ಒಂದು ದಾರಿ ತೋರಿಸಿತ್ತು. ಅರ್ಥವಿವರಣೆ ರಷ್ಯನ್ನಿನಲ್ಲಿದ್ದರೂ, ಪದಗಳ ಬೆನ್ನಿಗೆ ಜನಪದ ಹಾಡು, ಕಥೆ, ಗಾದೆ, ಲೇಖಕರ ಸಾಲುಗಳಿದ್ದವು. ಪದ ಯಾರ ಬಾಯಲ್ಲಿ ಆಡುತ್ತಿತ್ತೆಂದು ಅಲ್ಲಿ ಕೇಳಿಸುತ್ತದೆ. ಉಕ್ರೇನಿಯನ್ ಮುದ್ರಣಕ್ಕೇ ನಿರ್ಬಂಧ ಹೇರಿದ್ದ 1876ರ ಎಮ್ಸ್ ಆಜ್ಞೆಯ ನೆರಳು ಆಗಷ್ಟೇ ಸರಿದಿತ್ತು ಎಂಬುದನ್ನು ನೆನೆದರೆ ಆ ದುಡಿಮೆಯ ಬಗ್ಗೆ ಗೌರವ ಹೆಚ್ಚುತ್ತದೆ. ಸೋವಿಯತ್ ಆಳ್ವಿಕೆಯ 1930ರ ದಶಕದಲ್ಲಿ ಗಾಳಿ ತಿರುಗಿತು. ರಷ್ಯನ್ನಿಗೆ ಹತ್ತಿರದ ಪದವೇ ಮುಂದೆ, ಉಳಿದವು ಪ್ರಾದೇಶಿಕ ಎಂಬ ಮುದ್ರೆ ಹೊತ್ತು ಹಿಂದೆ. 1933ರಲ್ಲಿ ವರ್ಣಮಾಲೆಯ ಒಂದು ಅಕ್ಷರವನ್ನೇ ತೆಗೆದುಹಾಕಲಾಯಿತು. ಅದು ಮರಳಿದ್ದು 1990ರಲ್ಲಿ. ಬದಿಗೆ ಸರಿದ ಪದಗಳನ್ನು ಮತ್ತೆ ಪುಟಕ್ಕೆ ಕರೆತಂದವರಲ್ಲಿ ಮಿಕೋಲಾ ಲುಕಾಶ್‌ರಂಥ ಅನುವಾದಕರಿದ್ದರು. 'ಡಾನ್ ಕ್ವಿಕ್ಸೋಟ್', 'ಫೌಸ್ಟ್' ಎರಡಕ್ಕೂ ಕೈಹಾಕಿದ ಅವರನ್ನು 1973ರಲ್ಲಿ ಲೇಖಕರ ಸಂಘದಿಂದ ಹೊರಹಾಕಲಾಯಿತು.

ಒಂದು ಆಯ್ಕೆಯನ್ನು ಇಲ್ಲಿ ಮೆಚ್ಚಲೇಬೇಕು. ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಭಯದ ಜತೆಗೆ ನಡುಕವೂ ಬರುತ್ತದೆ. ಚರ್ಚಿನ ಹಳೆಯ ಸ್ಲಾವ್ ಭಾಷೆಯಲ್ಲಿ ಆ ನಡುಕ 'ತ್ರೆಪೆತ್'. ಧೂಪದ ವಾಸನೆಯಿರುವ ಪದ, ಉಕ್ರೇನಿಯನ್ನಿನಲ್ಲೂ ಉಂಟು. 1962ರಲ್ಲಿ ಪ್ರಕಟವಾದ ತಮ್ಮ ಬೈಬಲ್ ಅನುವಾದದಲ್ಲಿ ಇವಾನ್ ಒಹಿಯೆಂಕೊ ಅದನ್ನು ಬಿಟ್ಟು 'ತ್ರೆಮ್ತೀನ್ನ್ಯ' ಎಂದರು. ಗಾಂಭೀರ್ಯ ಒಂದಿಷ್ಟು ಇಳಿಯಿತು, ನಿಜ. ಆದರೆ ನಡುಕ ಗುಡಿಯಿಂದ ಮೈಗೆ ಬಂತು. ಕೈ ನಡುಗುವ ಮುದುಕಿಗೂ ಆ ಸಾಲು ತನ್ನದಾಯಿತು. ನನಗೆ ಈ ವ್ಯಾಪಾರ ಒಪ್ಪಿಗೆ.

ಇನ್ನೊಂದು ಬಳಕೆಯನ್ನು 'ಕ್ವಿವರ್' ಕೆಳಗೆ ಹುಡುಕಿದರೆ ಸಿಗುವುದು ಸಾಧ್ಯವೇ ಇಲ್ಲ, ಏಕೆಂದರೆ ಇಂಗ್ಲಿಷ್ ಪದಕ್ಕೆ ಆ ಅರ್ಥವಿಲ್ಲ. 'ತ್ರೆಮ್ತೀತಿ' ಮುಂದೆ 'ನದ್', ಅಂದರೆ 'ಮೇಲೆ' ಎಂಬುದು ಬಂದಾಗ, ಅದು ಭಯವೂ ಅಲ್ಲ, ಚಳಿಯೂ ಅಲ್ಲ. ತಾಯಿ ಮಗುವಿನ ಮೇಲೆ ನಡುಗುತ್ತಾಳೆ: ಎಲ್ಲಿ ಬಿದ್ದೀತೋ, ಎಲ್ಲಿ ಹಸಿದೀತೋ ಎಂದು ಕಣ್ಣು ತೆಗೆಯದೆ, ಜೀವವನ್ನೇ ಅದರ ಮೇಲಿಟ್ಟು ಕಾಯುತ್ತಾಳೆ. ಇಂಗ್ಲಿಷಿನಿಂದ ಹೊರಟ ನಿಘಂಟು ಅವಳ ಬಾಗಿಲಿಗೆ ಬರುವುದೇ ಇಲ್ಲ.